ಹೆಂಡಿಯಿಂದ ನೀರು ಎತ್ತಿಸಿದ ಡಾ. ರೆಡ್ಡಿಯವರು

ಹೊಗೆ ಕೊಳವಿ ಇದ್ದ ಅಸ್ತ್ರ ಒಲಿ ಹಿರಿಯರಿಗೆ ನೆನಪಿರಬೇಕು. ಆ ಒಲಿ ಹುಟ್ಟಿದ ಅಸ್ತ್ರ ಕೇಂದ್ರವನ್ನು ಕಟ್ಟಿದವರು ಡಾ. ಅಮೂಲ್ಯ ಕುಮಾರ ಎನ್. ರೆಡ್ಡಿಯವರು. ಹಾಲು ಸಂಘಕ್ಕೆ ಹಾಕಿ ಹೆಂಡಿ ತಿಪ್ಪಿಗೆ ಚೆಲ್ಲುವ ಮಂದಿ ನಾವು. ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಯೋಗ್ಯ ಅನಿಸಿತು.

ರೆಡ್ಡಿಯವರು 1930ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು 1966ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು. ಅಂಥವರು ಹಳ್ಳಿ ಕಡೆ ಹೊರಳಿ 1974ರಲ್ಲಿ ಅಸ್ತ್ರ ಕೇಂದ್ರ ಶುರು ಮಾಡಿದರು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಲ್ಲಿ ಇಡೀ ಊರಿಗೊಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಎಲ್ಲ ಮನಿಗೂ ಅಡುಗಿ ಗ್ಯಾಸ್ ಕೊಡುವುದು ಮೊದಲಿನ ವಿಚಾರ. ಆದರೆ ಊರಿನ ದನಗಳ ಹೆಂಡಿ ಅಷ್ಟಕ್ಕೆ ಸಾಲಲಿಲ್ಲ. ಊರ ಮಂದಿಗೆ ಮೊದಲು ಬೇಕಾಗಿದ್ದದ್ದೂ ಕುಡಿಯುವ ನೀರೇ. ತಮ್ಮ ಲೆಕ್ಕ ತಪ್ಪಿತೆಂದು ಒಪ್ಪಿಕೊಂಡು ದಾರಿ ಬದಲಿಸುವುದು ಕಲಿತವರಿಗೆ ಸುಲಭದ ಮಾತಲ್ಲ. ಇವರು ಬದಲಿಸಿದರು. 1987ರಿಂದ ಆ ಗ್ಯಾಸಿನಿಂದ 5 ಕಿಲೋವ್ಯಾಟ್ ಜನರೇಟರ್ ನಡೆಸಿ, ಬೋರ್‌ವೆಲ್ ನೀರು ನಲ್ಲಿಗೆ, ದೀಪ ಮನಿಗೆ ಕೊಟ್ಟರು. ಎಂಜಿನ್ನಿಗೆ ಗ್ಯಾಸಿನ ಜೋಡಿ ಸ್ವಲ್ಪ ಡೀಸೆಲ್ ಬೇಕಿತ್ತು, ಅಷ್ಟೇ.

ಹೆಂಡಿ ತೂಗಿ ತಗೋತಿದ್ದರು. ತಂದವರಿಗೆ ಕಿಲೋಕ್ಕೆ 2 ಪೈಸೆ ಕೂಲಿ. ಗ್ಯಾಸ್ ತೆಗೆದ ಮೇಲೆ ಉಳಿದ ರಾಡಿ ಗೊಬ್ಬರವಾಗಿ ಅವರಿಗೇ ವಾಪಸ್. ಹೀಗಾಗಿ ಹೊಲಕ್ಕೆ ಗೊಬ್ಬರ ಕಡಿಮೆ ಆಗಲಿಲ್ಲ. ನಮ್ಮ ಊರಲ್ಲಿ ಮನಿಗೊಂದರಂತೆ ಕಟ್ಟಿಸಿದ ಗೋಬರ್ ಗ್ಯಾಸ್ ಗುಂಡಿಗಳಲ್ಲಿ ಈಗ ಹುಲ್ಲು ಬೆಳೆದದ. ಎರಡು ದನದ ಹೆಂಡಿ ನಂಬಿ ಕಟ್ಟಿಸಿದ್ದೆವು, ಒಂದು ಮಾರಿದ ಕೂಡಲೇ ಒಲಿ ಆರಿತು. ನಮ್ಮದೂ ಅದರಲ್ಲಿ ಒಂದು, ಮುಚ್ಚಿಡುವುದೇನು!

ಗಾಳಿಯಾಡದ ಗುಂಡಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹೆಂಡಿ ತಿಂದು ಮೀಥೇನ್ ಬಿಡುತ್ತವೆ. ಪನೀರ್ ತೆಗೆದ ಮೇಲೆ ಉಳಿಯುವ ತಿಳಿನೀರಿನಿಂದಲೂ ಇದೇ ರೀತಿ ಗ್ಯಾಸ್ ಮಾಡಲಿಕ್ಕೆ ಬರುತ್ತದ. ಒಣಗಿಸಿದರೆ ಅದೇ ನೀರು ತಿನ್ನುವ ಪುಡಿ.

ರೆಡ್ಡಿಯವರಿಗೆ 2000ದಲ್ಲಿ ಇತರ ಮೂವರ ಜೊತೆ ವೋಲ್ವೋ ಪರಿಸರ ಪ್ರಶಸ್ತಿ ಬಂತು. 2006ರ ಮೇ 7ರಂದು ತೀರಿಕೊಂಡರು.

ನಮ್ಮ ಸಂಘದಲ್ಲಿ ಹಾಲಿನ ಪುಸ್ತಕ ಅದ, ಹೆಂಡಿ ಪುಸ್ತಕ ಇಲ್ಲ. ಬರುವ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ಇಡುವವರಿದ್ದೇವೆ. ಮನಿಯಲ್ಲಿ ದನ ಎಷ್ಟು ಅವ, ಬರಕೊಂಡು ಬರ್ರಿ.