ಬೂಷ್ಟಿನಿಂದ ವಿಷ ಪತ್ತೆ ಮಾಡಿದ ಬಾರ್ತೊಲೊಮಿಯೊ ಗೋಸಿಯೊ

ಮಳೆಗಾಲದಲ್ಲಿ ಬ್ರೆಡ್ಡಿನ ಮೇಲೆ, ಉಪ್ಪಿನಕಾಯಿ ಮೇಲೆ ಬೂಷ್ಟು ಬಂದರೆ ನಾವೇನು ಮಾಡುತ್ತೇವೆ? ಎತ್ತಿ ತಿಪ್ಪೆಗೆ ಎಸೆಯುತ್ತೇವೆ. ಅದೇ ಬೂಷ್ಟನ್ನು ಕೆಲಸಕ್ಕೆ ಹಚ್ಚಿ, ಕಣ್ಣಿಗೆ ಕಾಣದಷ್ಟು ಸಣ್ಣ ವಿಷವನ್ನು ಕಂಡುಹಿಡಿದವರು ಇಟಲಿಯ ವಿಜ್ಞಾನಿ ಗೋಸಿಯೊ.

ಇವರು 1863ನೇ ಇಸವಿ ಮಾರ್ಚ್ 17ರಂದು ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಮಾಲ್ಯಾನೊ ಆಲ್ಫಿಯೇರಿ ಎಂಬ ಊರಿನಲ್ಲಿ ಜನಿಸಿದರು. ವೈದ್ಯಶಾಸ್ತ್ರ ಓದಿದರು. ಆದರೆ ರೋಗಿಗಳ ನಾಡಿ ಹಿಡಿಯುವುದಕ್ಕಿಂತ ಸೂಕ್ಷ್ಮಜೀವಿಗಳ ಮೇಲೇ ಇವರಿಗೆ ಆಸಕ್ತಿ. ರೋಮ್ ನಗರದ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದರು.

ಆಗ ಯುರೋಪಿನಲ್ಲಿ ಒಂದು ಭಯ ಇತ್ತು. ಅಲ್ಲಿನ ಜನ ಮನೆ ಗೋಡೆಗೆ ಸುಣ್ಣದ ಬದಲು ಬಣ್ಣದ ಕಾಗದ ಅಂಟಿಸುತ್ತಿದ್ದರು. (ನಮ್ಮ ಗೋಡೆ ಪತ್ರಿಕೆ ಥರ ಅಲ್ಲ, ಗೋಡೆ ಪೂರ್ತಿ!) ಅದರಲ್ಲಿ ಹಸಿರು ಬಣ್ಣದ ಕಾಗದ ಎಂದರೆ ಎಲ್ಲರಿಗೂ ಇಷ್ಟ. ಆ ಹಸಿರನ್ನು 1775ರಲ್ಲಿ ಷೀಲೆ ಎಂಬ ರಸಾಯನ ವಿಜ್ಞಾನಿ ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಮಾಡಿದ್ದರು. ಆರ್ಸೆನಿಕ್ ಅಂದರೆ ಪಾಷಾಣದಲ್ಲಿರುವ ವಿಷ. ಅದು ಪೂರ್ತಿ ಲೋಹ ಅಲ್ಲ, ಆದರೂ ಸೀಸ, ಪಾದರಸಗಳ ಜೊತೆ ಭಾರಲೋಹಗಳ ಸಾಲಿನಲ್ಲೇ ಅದನ್ನು ಹೇಳುತ್ತಾರೆ. ಹಸಿರು ಕಾಗದ ಇದ್ದ ತೇವದ ಕೋಣೆಯಲ್ಲಿ ಮಲಗಿದವರಿಗೆ ಕಾಯಿಲೆ ಬರುತ್ತಿತ್ತು, ಮಕ್ಕಳು ಸಾಯುತ್ತಿದ್ದರು. ಕೋಣೆಯೊಳಗೆ ಬೆಳ್ಳುಳ್ಳಿ ವಾಸನೆ ಬರುತ್ತಿತ್ತಂತೆ. ಅಡುಗೆಯಲ್ಲಿ ಬೆಳ್ಳುಳ್ಳಿ ಹಾಕದಿದ್ದರೂ!

1891ರ ಹೊತ್ತಿಗೆ ಗೋಸಿಯೊ ಇದರ ಬೆನ್ನು ಹತ್ತಿದರು. ಬೇಯಿಸಿ ಕಿವುಚಿದ ಆಲೂಗಡ್ಡೆಗೆ ಆರ್ಸೆನಿಕ್ ಬೆರೆಸಿ ಗಾಳಿಗೆ ಇಟ್ಟರು. ಬೂಷ್ಟು ಬೆಳೆಯಿತು, ಬೆಳ್ಳುಳ್ಳಿ ವಾಸನೆಯೂ ಬಂತು. ಬೂಷ್ಟು ಆರ್ಸೆನಿಕ್ಕನ್ನು ತನ್ನ ಮೈಯೊಳಗೆ ಎಳೆದುಕೊಂಡು, ಅದಕ್ಕೆ ಇಂಗಾಲ, ಜಲಜನಕ ಸೇರಿಸಿ ಅನಿಲ ಮಾಡಿ ಹೊರಕ್ಕೆ ಬಿಡುತ್ತಿತ್ತು. ಅದಕ್ಕೆ ಗೋಸಿಯೊ ಅನಿಲ ಎಂದೇ ಹೆಸರಾಯಿತು. ಅದು ಯಾವ ಅನಿಲ ಎಂದು ಹೇಳುವಾಗ ಮಾತ್ರ ಅವರು ತಪ್ಪಿದರು. ಟ್ರೈಮೀಥೈಲ್ ಆರ್ಸೀನ್ ಎಂದು ಸರಿಯಾಗಿ ಗುರುತಿಸಿದವರು ಇಂಗ್ಲೆಂಡಿನ ಚಾಲೆಂಜರ್, 1932ರಲ್ಲಿ. ಈ ಅನಿಲ ಜನ ಹೆದರಿದಷ್ಟು ವಿಷಕಾರಿಯಲ್ಲ ಎಂದು ಈಚಿನ ವಿಜ್ಞಾನಿಗಳು ಹೇಳುತ್ತಾರೆ. ಹಾಗಾದರೆ ಆ ಮನೆಗಳಲ್ಲಿ ಕಾಗದದಿಂದ ಉದುರಿದ ಹಸಿರು ಪುಡಿಯೇ ಹೆಚ್ಚು ಅಪಾಯ ಮಾಡಿರಬಹುದು.

ನನಗೆ ಬಹಳ ಹಿಡಿಸಿದ್ದು ಮುಂದಿನ ಸಂಗತಿ. ಬೂಷ್ಟಿಗೆ ಆರ್ಸೆನಿಕ್ ಸಿಕ್ಕರೆ ವಾಸನೆ ಬರುತ್ತದೆ ತಾನೇ? ಹಾಗಾದರೆ ವಾಸನೆಯಿಂದ ಆರ್ಸೆನಿಕ್ ಪತ್ತೆ ಮಾಡಬಹುದಲ್ಲ! ಅನುಮಾನ ಇರುವ ವಸ್ತುವನ್ನು ಬ್ರೆಡ್ಡಿನ ಪುಡಿಗೆ ಬೆರೆಸಿ, ಬಿಸಿ ಮಾಡಿ ಬೇರೆ ಕ್ರಿಮಿಗಳನ್ನೆಲ್ಲ ಕೊಂದು, ಈ ಒಂದು ಜಾತಿ ಬೂಷ್ಟನ್ನು ಮಾತ್ರ ಬಿತ್ತಿ ಮುಚ್ಚಿಡುವುದು. ಬೆಳೆದ ಮೇಲೆ ಮೂಸಿ ನೋಡುವುದು. ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಮೈಕ್ರೋಗ್ರಾಂ ಎನ್ನುತ್ತಾರೆ. ಅಷ್ಟು ಆರ್ಸೆನಿಕ್ ಇದ್ದರೂ ಸಾಕು, ಗೊತ್ತಾಗುತ್ತಿತ್ತು. (ಯಾರೂ ಮನೇಲಿ ಮಾಡಿ ನೋಡಬೇಡಿ.)

1893ರಲ್ಲಿ ಗೋಸಿಯೊ ಕೆಟ್ಟ ಮುಸುಕಿನ ಜೋಳದ ಬೂಷ್ಟಿನಿಂದ ಇನ್ನೊಂದು ವಸ್ತು ತೆಗೆದರು. ಅದು ನೆರಡಿ ರೋಗದ ಕ್ರಿಮಿಯನ್ನು ತಡೆಯಿತು. ಅದರಿಂದ ಮಾಡಿದ ಔಷಧಿಯನ್ನು 1995ರಿಂದ ಮೂತ್ರಪಿಂಡ ಬದಲಾಯಿಸಿಕೊಂಡವರಿಗೆ ಕೊಡುತ್ತಾರೆ. ಆಮೇಲೆ ಟೆಲ್ಲೂರಿಯಂ ಎಂಬ ಧಾತುವಿನ ಲವಣದ ಮೇಲೂ ಕೆಲಸ ಮಾಡಿದರು. ಜೀವ ಇರುವ ಬ್ಯಾಕ್ಟೀರಿಯಾ ಅದನ್ನು ಒಳಗೆ ಹಿಡಿದುಕೊಂಡು ಕಪ್ಪಗಾಗುತ್ತದೆ. ಹೀಗಾಗಿ ಚುಚ್ಚುಮದ್ದಿನ ಸೀಸೆಯಲ್ಲಿ ಕ್ರಿಮಿ ಸೇರಿದೆಯೋ ಇಲ್ಲವೋ ಎಂದು ತಿಳಿಯುತ್ತಿತ್ತು.

ಗೋಸಿಯೊ 1944ರ ಏಪ್ರಿಲ್ 13ರಂದು ತೀರಿಕೊಂಡರು.

ಆರ್ಸೆನಿಕ್ ನಮ್ಮ ರಾಜ್ಯದಲ್ಲೂ ಇದೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆ ಬಾವಿಯ ನೀರು ಕುಡಿದವರಿಗೆ ಚರ್ಮರೋಗ ಬಂದಿತ್ತು. ಪರೀಕ್ಷೆ ಮಾಡಿದಾಗ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತು. ಒಂದು ಲೀಟರ್ ಕುಡಿಯುವ ನೀರಿನಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚು ಇರಬಾರದು ಎಂದು ನಿಯಮ. ಈಗ ಇದನ್ನು ಅಳೆಯಲು ಯಂತ್ರಗಳಿವೆ, ಬೂಷ್ಟನ್ನು ಮೂಸುವವರು ಯಾರೂ ಇಲ್ಲ. ಆದರೆ ನೀರಿನಲ್ಲಿ ಕರಗಿದ ಆರ್ಸೆನಿಕ್‌ಗೆ ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆಯೂ ಇಲ್ಲ. ಯಾರಾದರೂ ನೀರನ್ನು ಪರೀಕ್ಷೆಗೆ ಕೊಟ್ಟರೆ ಮಾತ್ರ ಗೊತ್ತಾಗುವುದು.