ನೀರಾ ಕಾಲುವೆ ಮತ್ತು ವಿಶ್ವೇಶ್ವರಯ್ಯ

ಮುದ್ದೇನಹಳ್ಳಿಯಲ್ಲಿ ಜನಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಪುಣೆ ಜಿಲ್ಲೆಯ ನೀರಾ ಕಾಲುವೆಯ ಮೇಲ್ಭಾಗದ ರೈತರು ಆಗ ಕಬ್ಬಿಗೆ ಮಿತಿಮೀರಿ ನೀರು ಹಾಯಿಸುತ್ತಿದ್ದರು. ಅಲ್ಲಿ ನೆಲ ಜೌಗಾಗಿ ಸೊಳ್ಳೆಗಳು ಹೆಚ್ಚಿದರೆ, ಕೆಳಗಿನವರ ಹೊಲಗಳು ಒಣಗುತ್ತಿದ್ದವು. ಹೀಗೆಯೇ ನಡೆದಿದ್ದರೆ ಕಾಲುವೆಯೇ ನಾಡಿಗೆ ಹೊರೆಯಾಗುತ್ತಿತ್ತೆಂದರೆ ಅತಿಶಯೋಕ್ತಿಯಾಗದು. 1899ರಲ್ಲಿ ಅವರು ಬ್ಲಾಕ್ ಪದ್ಧತಿಯನ್ನು ಸೂಚಿಸಿದರು. ಜಮೀನಿನ ಒಂದು ಪಾಲಿಗೆ ಕಬ್ಬು, ಒಂದಕ್ಕೆ ಭತ್ತ, ಉಳಿದುದಕ್ಕೆ ಕಡಿಮೆ ನೀರಿನ ಬೆಳೆ. ವರ್ಷ ವರ್ಷವೂ ಬೆಳೆಗಳ ಸರದಿ ಬದಲಾಗಬೇಕು. ತಮ್ಮ ಹಕ್ಕು ಹೋಯಿತೆಂದು ರೈತರು ಕೆರಳಿದರು. ವಿಶ್ವೇಶ್ವರಯ್ಯನವರು ಅಧಿಕಾರದ ಬಲವನ್ನು ನೆಚ್ಚದೆ ರೈತಮುಖಂಡರೊಡನೆ ಚರ್ಚಿಸಿ, ಅವರ ಸಂದೇಹಗಳನ್ನು ಪರಿಹರಿಸಿ, ಒಪ್ಪಿಗೆ ಪಡೆದರು. ಮುಂದೆ ಮಂಡ್ಯದ ಇರ್ವಿನ್ ನಾಲೆಯ ಬಯಲಿಗೂ ಈ ಪದ್ಧತಿ ಬಂದಿತು. ಆ ನಾಲೆಗೆ ಈಗ ವಿಶ್ವೇಶ್ವರಯ್ಯನವರ ಹೆಸರಿದೆ.