ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (22 ಸೆಪ್ಟೆಂಬರ್ 1834 – 29 ಡಿಸೆಂಬರ್ 1912) ಬ್ರಿಟಿಷ್ ಭೂವಿಜ್ಞಾನಿ ಹಾಗೂ ಪ್ರಾಗಿತಿಹಾಸ ಸಂಶೋಧಕ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ 33 ವರ್ಷಗಳ ಕಾಲ ಸೇವೆ ಸಲ್ಲಿಸಿದ ಅವರು ದಕ್ಷಿಣ ಭಾರತದ ಬಹುಭಾಗದ ಶಿಲೆಗಳನ್ನು ಅಧ್ಯಯನ ಮಾಡಿದರು. ಕರ್ನಾಟಕದ ಚಿನ್ನ ಮತ್ತು ಕಬ್ಬಿಣದ ಅದಿರುಗಳನ್ನು ಒಳಗೊಂಡಿರುವ ಪ್ರಾಚೀನ ಶಿಲಾಪಟ್ಟಿಗಳನ್ನು ಸುತ್ತಲಿನ ನೈಸ್ ಶಿಲೆಯಿಂದ ಪ್ರತ್ಯೇಕಿಸಿ 'ಧಾರವಾಡ ವ್ಯವಸ್ಥೆ' ಎಂದು ಹೆಸರಿಸಿದವರು ಇವರೇ. 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಉಪಕರಣವನ್ನು ಪತ್ತೆಹಚ್ಚಿದ ಕಾರಣ ಇವರನ್ನು ಭಾರತೀಯ ಪ್ರಾಗಿತಿಹಾಸದ ಪಿತಾಮಹ ಎಂದು ಗೌರವಿಸಲಾಗುತ್ತದೆ. ಅವರ ಈ ಎರಡು ಬಗೆಯ ಆಸಕ್ತಿಗಳೂ ಒಂದೆಡೆ ಕೂಡಿದ ಪ್ರದೇಶ ಬಳ್ಳಾರಿ ಜಿಲ್ಲೆ.

ಆರಂಭಿಕ ಜೀವನ

ಫೂಟ್ ಅವರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿದರು. 1858ರ ಡಿಸೆಂಬರ್ 29ರಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದಾಗ ಅವರಿಗೆ 24 ವರ್ಷ. ಆ ಸಂಸ್ಥೆ ಸ್ಥಾಪನೆಯಾಗಿ ಆಗ ಏಳೆಂಟು ವರ್ಷಗಳಷ್ಟೇ ಕಳೆದಿದ್ದವು. ಅವರನ್ನು ಮದರಾಸು ಪ್ರಾಂತ್ಯದ ಸಮೀಕ್ಷೆಗೆ ನಿಯೋಜಿಸಲಾಯಿತು. 1862ರಲ್ಲಿ ಅವರು ತಮಿಳು ವಿದ್ವಾಂಸರಾದ ಪಾದ್ರಿ ಪೀಟರ್ ಪರ್ಸಿವಲ್ ಅವರ ಪುತ್ರಿ ಎಲಿಜಬೆತ್ ಆನ್ ಅವರನ್ನು ವಿವಾಹವಾದರು. ಎಲಿಜಬೆತ್ 1870ರಲ್ಲಿ ನಿಧನರಾದರು.

ಪಲ್ಲಾವರಂನ ಶೋಧ

ಭೂಮಿಯ ಮೇಲೆ ಮಾನವನ ಅಸ್ತಿತ್ವ ಎಷ್ಟು ಹಳೆಯದು ಎಂಬ ಚರ್ಚೆ ಆ ಕಾಲದ ಯೂರೋಪಿನಲ್ಲಿ ತೀವ್ರವಾಗಿತ್ತು. ಫ್ರಾನ್ಸಿನ ಜಲ್ಲಿಪದರಗಳಲ್ಲಿ ದೊರೆತ ಕಲ್ಲಿನ ಉಪಕರಣಗಳ ಕುರಿತು ಜೋಸೆಫ್ ಪ್ರೆಸ್ಟ್‌ವಿಚ್ ಮೊದಲಾದವರು ಬರೆದುದನ್ನು ಫೂಟ್ ಆಸಕ್ತಿಯಿಂದ ಗಮನಿಸುತ್ತಿದ್ದರು. 1863ರ ಮೇ 30ರಂದು ಪಲ್ಲಾವರಂನಲ್ಲಿ, ಜಲ್ಲಿ ತೆಗೆಯಲು ಅಗೆದಿದ್ದ ಗುಂಡಿಯೊಂದರಲ್ಲಿ ಅಂತಹುದೇ ಉಪಕರಣವೊಂದು ಅವರ ಕಣ್ಣಿಗೆ ಬಿದ್ದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂ ಬಳಿ ಇನ್ನೂ ಹಲವು ಕೈಕೊಡಲಿಗಳನ್ನು ಪತ್ತೆಮಾಡಿದರು. ಇದರಿಂದ ಭಾರತದಲ್ಲಿಯೂ ಹಳೆ ಶಿಲಾಯುಗದ ಮಾನವ ನೆಲೆಸಿದ್ದನೆಂಬುದು ಸ್ಥಿರಪಟ್ಟಿತು.

ಆನಂತರ ಸಮೀಕ್ಷೆಗೆ ಹೋದೆಡೆಯಲ್ಲೆಲ್ಲ ಶಿಲೆಗಳೊಡನೆ ಮಾನವನ ಕುರುಹುಗಳನ್ನೂ ದಾಖಲಿಸುವುದು ಅವರ ರೂಢಿಯಾಯಿತು. ಉತ್ತರ ಕರ್ನಾಟಕದ ಮಲಪ್ರಭಾ ಮತ್ತು ಘಟಪ್ರಭಾ ಕಣಿವೆಗಳಲ್ಲಿ ಅವರು ಹಳೆ ಶಿಲಾಯುಗದ ಉಪಕರಣಗಳನ್ನು ಸಂಗ್ರಹಿಸಿದರು. ಗೋಕಾಕದ ಸಮೀಪ ದೊರೆತ, ಅಳಿದುಹೋದ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ವರ್ಣಿಸಿ ಅದಕ್ಕೆ 'ರೈನೋಸೆರಸ್ ಡೆಕ್ಕನೆನ್ಸಿಸ್' ಎಂದು ಹೆಸರಿಟ್ಟರು.

ಧಾರವಾಡ ವ್ಯವಸ್ಥೆ

ಕರ್ನಾಟಕದ ಬಹುಭಾಗದ ತಳದಲ್ಲಿ ನೈಸ್ ಮತ್ತು ಗ್ರಾನೈಟ್ ಶಿಲೆಗಳಿವೆ. ಅವುಗಳ ನಡುವೆ ಸಾಮಾನ್ಯವಾಗಿ ಉತ್ತರ–ದಕ್ಷಿಣ ದಿಕ್ಕಿಗೆ ಚಾಚಿಕೊಂಡಿರುವ ಕಡುಬಣ್ಣದ ಶಿಲಾಪಟ್ಟಿಗಳು ಕಂಡುಬರುತ್ತವೆ. ಪ್ರಾಚೀನ ಲಾವಾ, ಜೇಡಿ ಹಾಗೂ ಮರಳಿನ ಪದರಗಳು ಭೂಗರ್ಭದ ಒತ್ತಡ ಮತ್ತು ಶಾಖಕ್ಕೆ ಸಿಲುಕಿ ಷಿಸ್ಟ್ ಆಗಿ ಮಾರ್ಪಟ್ಟು ರೂಪುಗೊಂಡ ಪಟ್ಟಿಗಳಿವು. ಫೂಟ್ ಅವರಿಗಿಂತ ಮೊದಲು ಈ ಷಿಸ್ಟ್‌ಗಳನ್ನೂ ನೈಸ್ ಶಿಲೆಗಳನ್ನೂ ಒಂದೇ ಗುಂಪಿನಲ್ಲಿ ಸೇರಿಸುವ ಪದ್ಧತಿಯಿತ್ತು.

ಬಳ್ಳಾರಿ ಮತ್ತು ಅನಂತಪುರ ಜಿಲ್ಲೆಗಳಲ್ಲಿ ನಡೆಸಿದ ಸಮೀಕ್ಷೆಯ ಆಧಾರದ ಮೇಲೆ ಫೂಟ್ ಅವರು ಈ ಪಟ್ಟಿಗಳು ಪ್ರತ್ಯೇಕ ಶಿಲಾಸಮೂಹಕ್ಕೆ ಸೇರಿದವು ಎಂದು ಗುರುತಿಸಿದರು. ಅವು ವಿಸ್ತಾರವಾಗಿ ಕಾಣಸಿಗುವ ಧಾರವಾಡ ಸೀಮೆಯ ಹೆಸರನ್ನೇ 1886ರಲ್ಲಿ ಅವಕ್ಕೆ ನೀಡಿದರು. 1888 ಮತ್ತು 1889ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ, ದಕ್ಷಿಣ ಭಾರತದ ಚಿನ್ನದ ಮುಖ್ಯ ಆಶ್ರಯ ಧಾರವಾಡ ಶಿಲೆಗಳೇ ಎಂದು ಪ್ರತಿಪಾದಿಸಿದರು. ಕೋಲಾರ, ಗದಗ, ಚಿತ್ರದುರ್ಗ, ಸಂಡೂರು ಮುಂತಾಗಿ ದೂರದೂರದಲ್ಲಿ ಚದುರಿದ್ದ ಶಿಲೆಗಳು ಒಂದೇ ವ್ಯವಸ್ಥೆಯ ಭಾಗಗಳಾಗಿ ಮೊದಲ ಬಾರಿಗೆ ಗೋಚರಿಸಿದವು. ಚಿನ್ನವನ್ನು ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕುವುದು ವ್ಯರ್ಥ ಎಂಬುದಕ್ಕೆ ಇದರಿಂದ ಒಂದು ಮಾನದಂಡ ದೊರೆಯಿತು.

ಚಿನ್ನದ ಸಮೀಕ್ಷೆಗಳು

ಗದಗ ಸೀಮೆಯ ಕಪ್ಪತಗುಡ್ಡದ ಪ್ರದೇಶದಲ್ಲಿ ಜಾಲಗಾರರೆಂಬ ಸಮುದಾಯದವರು ಹಳ್ಳಗಳ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದರು. 1874ರಲ್ಲಿ ಪ್ರಕಟವಾದ ಡಂಬಳ ಬೆಟ್ಟಗಳ ಕುರಿತ ಲೇಖನದಲ್ಲಿ ಫೂಟ್ ಅವರು ಈ ಹಳ್ಳಗಳ ಮರಳನ್ನೂ ಬೆಟ್ಟದ ಬೆಣಚುಕಲ್ಲಿನ ಸಿರಗಳನ್ನೂ ಪರಿಶೀಲಿಸಿದರು. ಸೊರಟೂರು ಸುತ್ತಲಿನ ಹಳ್ಳಗಳು ಅವುಗಳಲ್ಲಿ ಮುಖ್ಯವಾದವು.

1880ರ ಸುಮಾರಿನಲ್ಲಿ ದಕ್ಷಿಣ ಭಾರತದ ಚಿನ್ನದ ಬಗ್ಗೆ ಲಂಡನ್ನಿನ ಹೂಡಿಕೆದಾರರಲ್ಲಿ ಭಾರಿ ಉತ್ಸಾಹ ಮೂಡಿತ್ತು. ವಯನಾಡಿನಲ್ಲಿ ಹುಟ್ಟಿಕೊಂಡ ಹಲವು ಕಂಪನಿಗಳು ಕೆಲವೇ ವರ್ಷಗಳಲ್ಲಿ ಕುಸಿದುಬಿದ್ದವು. ಕೋಲಾರದಲ್ಲಿಯೂ ಆರಂಭದ ಅಗೆತ ನಿರಾಶಾದಾಯಕವಾಗಿತ್ತು. ಇಂತಹ ಸಂದರ್ಭದಲ್ಲಿ ಫೂಟ್ ಅವರು ಮೈಸೂರಿನ ಚಿನ್ನದ ನೆಲೆಗಳಲ್ಲಿ ಸಂಚರಿಸಿ 1882ರಲ್ಲಿ ತಮ್ಮ ಅವಲೋಕನಗಳನ್ನು ಪ್ರಕಟಿಸಿದರು. ಇದಾದ ಸ್ವಲ್ಪ ಕಾಲದಲ್ಲೇ ಕೋಲಾರದ ಚಾಂಪಿಯನ್ ಸಿರ ಪತ್ತೆಯಾಗಿ, ಆ ಗಣಿಗಳು ಜಗತ್ತಿನ ಪ್ರಸಿದ್ಧ ಚಿನ್ನದ ಗಣಿಗಳ ಸಾಲಿಗೆ ಸೇರಿದವು. 1887ರಲ್ಲಿ ಮೈಸೂರು ಸರ್ಕಾರದ ಕೋರಿಕೆಯ ಮೇರೆಗೆ ಫೂಟ್ ಅವರು ಸಂಸ್ಥಾನದ ಚಿನ್ನಯುಕ್ತ ಪ್ರದೇಶಗಳನ್ನು ಪರಿಶೀಲಿಸಿ ವರದಿ ಸಲ್ಲಿಸಿದರು.

ಬಳ್ಳಾರಿ ಜಿಲ್ಲೆಯ ಸಮೀಕ್ಷೆ

ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಫೂಟ್ ಅವರ ಬೃಹತ್ ಗ್ರಂಥವು ಸರ್ವೇಕ್ಷಣೆಯ ಸ್ಮರಣ ಸಂಪುಟಗಳ 25ನೆಯ ಸಂಪುಟವಾಗಿ 1895ರಲ್ಲಿ ಪ್ರಕಟವಾಯಿತು. ಆ ಕಾಲದ ಜಿಲ್ಲೆಯು ಇಂದಿನ ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಜೊತೆಗೆ ಈಗ ಆಂಧ್ರಪ್ರದೇಶದಲ್ಲಿರುವ ಕೆಲವು ತಾಲ್ಲೂಕುಗಳನ್ನೂ ಒಳಗೊಂಡಿತ್ತು.

ಜಿಲ್ಲೆಯ ಭೂರಚನೆ ಎರಡು ಬಗೆಯದು. ಒಂದೆಡೆ ಕರೂರು ಮೊದಲಾದ ಊರುಗಳಿರುವ ಸಿರುಗುಪ್ಪ ಸೀಮೆಯ ಎರೆಮಣ್ಣಿನ ಬಯಲು, ಹಾಗೂ ಅದರ ಆಸುಪಾಸಿನಲ್ಲಿ ತೆಕ್ಕಲಕೋಟೆ, ಕುರುಗೋಡು ಮತ್ತು ಬಳ್ಳಾರಿಯ ಕೋಟೆಬೆಟ್ಟದಂತಹ ಗ್ರಾನೈಟ್ ಬೆಟ್ಟಗಳಿವೆ. ಇನ್ನೊಂದೆಡೆ ಸಂಡೂರಿನ ಎತ್ತರದ ಬೆಟ್ಟಸಾಲುಗಳಿವೆ. ಇವು ಧಾರವಾಡ ಶಿಲೆಗಳಿಂದಾದವು. ಸಂಡೂರಿನ ಹೆಮಟೈಟ್ ಅದಿರಿನ ಸಮೃದ್ಧಿಯನ್ನು ಫೂಟ್ ಅವರು ವಿಶೇಷವಾಗಿ ಗಮನಿಸಿ ದಾಖಲಿಸಿದರು. 20ನೆಯ ಶತಮಾನದಲ್ಲಿ ಇದೇ ಬೆಟ್ಟಗಳು ಕಬ್ಬಿಣ ಮತ್ತು ಮ್ಯಾಂಗನೀಸ್ ಗಣಿಗಾರಿಕೆಯ ದೊಡ್ಡ ಕೇಂದ್ರವಾದವು. ದೋಣಿಮಲೈ ಗಣಿ 1977ರಲ್ಲಿ ಕಾರ್ಯಾರಂಭ ಮಾಡಿತು.

ಬಳ್ಳಾರಿ ನಗರದ ನೈಋತ್ಯಕ್ಕಿರುವ ಬೆಟ್ಟವನ್ನು ಬ್ರಿಟಿಷರು 'ಕಾಪರ್ ಮೌಂಟನ್', ಅಂದರೆ ತಾಮ್ರದ ಬೆಟ್ಟ, ಎಂದು ಕರೆಯುತ್ತಿದ್ದರು. ಹೈದರ್ ಅಲಿಯ ಕಾಲದಲ್ಲಿ ಇಲ್ಲಿ ತಾಮ್ರ ತೆಗೆಯುವ ಪ್ರಯತ್ನ ನಡೆದು, ಆದಾಯಕ್ಕಿಂತ ವೆಚ್ಚವೇ ಹೆಚ್ಚಾದುದರಿಂದ ಅದನ್ನು ಕೈಬಿಡಲಾಯಿತೆಂಬ ಪ್ರತೀತಿಯಿದೆ. ಈ ಬೆಟ್ಟವೂ ಧಾರವಾಡ ಶಿಲೆಗಳದ್ದೇ ಆಗಿದೆ.

ಸಂಗನಕಲ್ಲು ಮತ್ತು ಕುಪ್ಪಗಲ್ಲು

ಬಳ್ಳಾರಿಗೆ ಸಮೀಪದ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ವಿಸ್ತಾರವಾದ ನೆಲೆಯನ್ನು ಫೂಟ್ ಅವರು ಗುರುತಿಸಿದರು. ಇಲ್ಲಿನ ಗ್ರಾನೈಟ್ ಬೆಟ್ಟವನ್ನು ಸೀಳಿಕೊಂಡು ಡೊಲರೈಟ್ ಎಂಬ ಕಪ್ಪುಶಿಲೆಯ ಡೈಕ್ ಗೋಡೆಯಂತೆ ಹಾದುಹೋಗಿದೆ. ಸೂಕ್ಷ್ಮ ಹರಳುಗಳ ಈ ಗಟ್ಟಿಶಿಲೆ ಕೊಡಲಿ ತಯಾರಿಕೆಗೆ ಬಹಳ ಯೋಗ್ಯವಾದುದು. ಅರೆಬರೆ ರೂಪುಗೊಂಡ ಕೊಡಲಿಗಳು, ಚಕ್ಕೆಗಳು ಮತ್ತು ಉಜ್ಜಿ ನುಣುಪುಗೊಳಿಸಿದ ಉಪಕರಣಗಳು ರಾಶಿಯಾಗಿ ದೊರೆತುದರಿಂದ ಇದೊಂದು ದೊಡ್ಡ ತಯಾರಿಕಾ ಕೇಂದ್ರವೆಂದು ಅವರು ತಿಳಿದರು. ಬೆಟ್ಟದ ಭೂವಿಜ್ಞಾನವೇ ಅಲ್ಲಿನ ಜನರ ಕಸುಬನ್ನು ನಿರ್ಧರಿಸಿದ್ದಕ್ಕೆ ಇದು ಸ್ಪಷ್ಟ ನಿದರ್ಶನ.

ಆನಂತರ 1940ರ ದಶಕದಲ್ಲಿ ಬಿ. ಸುಬ್ಬರಾವ್, 1960ರ ದಶಕದಲ್ಲಿ ಅನ್ಸಾರಿ ಮತ್ತು ಎಂ. ಎಸ್. ನಾಗರಾಜ ರಾವ್ ಇಲ್ಲಿ ಉತ್ಖನನ ನಡೆಸಿದರು. ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಹಸಂಶೋಧಕರು ಈ ಶತಮಾನದ ಆರಂಭದವರೆಗೂ ಅಧ್ಯಯನವನ್ನು ಮುಂದುವರಿಸಿದರು.

ಬೂದಿದಿಬ್ಬಗಳ ಪ್ರಶ್ನೆ

ಬಳ್ಳಾರಿ ಸೀಮೆಯ ಕುಡುತಿನಿ, ಹಂಪಿಯ ಬಳಿಯ ನಿಂಬಾಪುರ ಮೊದಲಾದೆಡೆ ದೊಡ್ಡ ಬೂದಿದಿಬ್ಬಗಳಿವೆ. ಭೀಮನು ಕೊಂದ ಹಿಡಿಂಬನ ಅಥವಾ ರಾಮನಿಂದ ಹತನಾದ ವಾಲಿಯ ಚಿತಾಭಸ್ಮವೆಂದು ಸ್ಥಳೀಯ ಐತಿಹ್ಯಗಳು ಹೇಳುತ್ತವೆ. ಕೆಲವೆಡೆ ಬೂದಿಯು ಕರಗಿ ಗಾಜಿನಂತೆ ಗಟ್ಟಿಯಾಗಿರುವುದರಿಂದ ಇವು ಜ್ವಾಲಾಮುಖಿಯಿಂದ ಅಥವಾ ಲೋಹ ಕರಗಿಸುವ ಕುಲುಮೆಗಳಿಂದ ಉಂಟಾಗಿರಬಹುದೆಂಬ ಊಹೆಗಳೂ ಇದ್ದವು.

ಇವು ನವಶಿಲಾಯುಗದ ಪಶುಪಾಲಕರು ಸುಟ್ಟ ಸಗಣಿಯ ರಾಶಿಗಳೆಂಬ ನಿಲುವನ್ನು ಫೂಟ್ ಅವರು ತಳೆದರು. ಮೇವಿನ ಹುಲ್ಲಿನಲ್ಲಿರುವ ಸಿಲಿಕಾ ಸಗಣಿಯಲ್ಲಿ ಉಳಿದುಕೊಳ್ಳುತ್ತದೆ ಮತ್ತು ತೀವ್ರ ಶಾಖದಲ್ಲಿ ಕರಗಿ ಗಾಜಿನ ರೂಪ ತಾಳುತ್ತದೆ. ಈ ಅಭಿಪ್ರಾಯಕ್ಕೆ ಅವರ ಜೀವಿತಾವಧಿಯಲ್ಲಿ ಸಾರ್ವತ್ರಿಕ ಒಪ್ಪಿಗೆ ದೊರೆಯಲಿಲ್ಲ. 1957ರಲ್ಲಿ ಎಫ್. ಆರ್. ಆಲ್ಚಿನ್ ಉಟ್ನೂರಿನಲ್ಲಿ ನಡೆಸಿದ ಉತ್ಖನನ ಮತ್ತು ಎಫ್. ಇ. ಜೋಯ್ನರ್ ನಡೆಸಿದ ಬೂದಿಯ ಪರೀಕ್ಷೆಗಳು ಫೂಟ್ ಅವರ ನಿಲುವನ್ನು ಸಮರ್ಥಿಸಿದವು.

ಶಿಲೆಗಳ ವಯಸ್ಸಿನ ವಿವಾದ

ಧಾರವಾಡ ಶಿಲೆಗಳು ಅವುಗಳಿಗಿಂತ ಹಳೆಯದಾದ ನೈಸ್ ಶಿಲೆಯ ಮೇಲೆ ನಿಕ್ಷೇಪಗೊಂಡವು ಎಂಬುದು ಫೂಟ್ ಅವರ ಅಭಿಮತವಾಗಿತ್ತು. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿ ಅವರ ಉತ್ತರಾಧಿಕಾರಿಯಾದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ಒಪ್ಪಲಿಲ್ಲ. ನೈಸ್ ಮತ್ತು ಗ್ರಾನೈಟ್‌ಗಳು ಧಾರವಾಡ ಶಿಲೆಗಳೊಳಗೆ ನುಗ್ಗಿರುವುದರಿಂದ ಧಾರವಾಡಗಳೇ ಹೆಚ್ಚು ಪ್ರಾಚೀನವೆಂದು ಅವರು ವಾದಿಸಿದರು. ಈ ಅಭಿಪ್ರಾಯ ಮೈಸೂರಿನಲ್ಲಿ ಬಹುಕಾಲ ಪ್ರಬಲವಾಗಿತ್ತು.

ವಿಕಿರಣಶೀಲ ಧಾತುಗಳ ನೆರವಿನಿಂದ ಶಿಲೆಗಳ ವಯಸ್ಸನ್ನು ಅಳೆಯುವ ವಿಧಾನ ಬಂದ ಬಳಿಕ ಎರಡೂ ಪಕ್ಷಗಳಲ್ಲಿ ಸತ್ಯಾಂಶವಿರುವುದು ತಿಳಿದುಬಂದಿತು. ಪಶ್ಚಿಮ ಕರ್ನಾಟಕದ ನೈಸ್ ಶಿಲೆಗಳ ಬಹುಭಾಗ 300 ಕೋಟಿ ವರ್ಷಗಳಿಗಿಂತ ಹಳೆಯದು. ಅದರ ಮೇಲೆ ನೆಲೆಗೊಂಡ ಧಾರವಾಡ ಶಿಲೆಗಳ ವಯಸ್ಸು ಸುಮಾರು 260ರಿಂದ 290 ಕೋಟಿ ವರ್ಷ. ಸ್ಮೀತ್ ಅವರು ಗಮನಿಸಿದಂತೆ ಧಾರವಾಡಗಳೊಳಗೆ ನುಗ್ಗಿದ ಗ್ರಾನೈಟ್‌ಗಳೂ ಇವೆ, ಆದರೆ ಅವು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವಾದ ಬೇರೆಯೇ ಶಿಲೆಗಳು. ಫೂಟ್ ಅವರು ಒಂದೇ ವ್ಯವಸ್ಥೆಯಲ್ಲಿ ಸೇರಿಸಿದ್ದ ಷಿಸ್ಟ್‌ಗಳಲ್ಲಿ ಕೆಲವು ಇನ್ನೂ ಪ್ರಾಚೀನವೆಂದು ಕಂಡುಬಂದುದರಿಂದ ಅವನ್ನು 'ಸರಗೂರು' ಎಂಬ ಪ್ರತ್ಯೇಕ ಗುಂಪಿಗೆ ಸೇರಿಸಲಾಗಿದೆ.

ಚಿನ್ನದ ಉಗಮ: ನಂತರದ ತಿಳಿವಳಿಕೆ

ಚಿನ್ನ ಯಾವ ಶಿಲೆಗಳಲ್ಲಿದೆ ಎಂಬುದನ್ನು ಫೂಟ್ ಅವರು ತೋರಿಸಿಕೊಟ್ಟರು. ಅದು ಅಲ್ಲಿಗೆ ಹೇಗೆ ಬಂದಿತೆಂಬುದು ಖನಿಜ ರಸಾಯನಶಾಸ್ತ್ರ ಬೆಳೆದ ಮೇಲೆ ಸ್ಪಷ್ಟವಾಯಿತು. ಭೂಮಿಯ ಆಳದಿಂದ ಮೇಲೇರುವ ಬಿಸಿ ದ್ರವಗಳು ಶಿಲೆಯ ಬಿರುಕುಗಳಲ್ಲಿ ಹರಿಯುವಾಗ ಸಿಲಿಕಾ, ಗಂಧಕ ಮತ್ತು ಅಲ್ಪ ಪ್ರಮಾಣದ ಚಿನ್ನವನ್ನು ಹೊತ್ತು ತರುತ್ತವೆ. ಬಿರುಕಿನ ಇಕ್ಕೆಲದ ಶಿಲೆಯ ಖನಿಜಗಳು ಈ ದ್ರವದೊಡನೆ ವರ್ತಿಸಿ ಕ್ಲೋರೈಟ್, ಸೆರಿಸೈಟ್, ಬಯೊಟೈಟ್ ಹಾಗೂ ಕಾರ್ಬೊನೇಟ್‌ಗಳಾಗಿ ಬದಲಾಗುತ್ತವೆ. ಇದಕ್ಕೆ ಜಲೋಷ್ಣೀಯ ಪರಿವರ್ತನೆ ಎಂದು ಹೆಸರು. ಶಿಲೆಯಲ್ಲಿರುವ ಕಬ್ಬಿಣವು ಗಂಧಕದೊಡನೆ ಸೇರಿ ಪೈರೈಟ್ ಆಗುವಾಗ ದ್ರವದಲ್ಲಿನ ಗಂಧಕ ಕಡಿಮೆಯಾಗಿ, ಅದರೊಡನೆ ಬೆಸೆದುಕೊಂಡಿದ್ದ ಚಿನ್ನ ಬೇರ್ಪಟ್ಟು ಅಲ್ಲಿಯೇ ಉಳಿಯುತ್ತದೆ. ಕಬ್ಬಿಣಾಂಶ ಹೆಚ್ಚಿರುವ ಧಾರವಾಡ ಷಿಸ್ಟ್‌ಗಳಲ್ಲಿ ಚಿನ್ನ ನೆಲೆಸಲು ಇದೂ ಒಂದು ಕಾರಣ.

ಇಂಡೋನೇಷ್ಯಾದ ಗ್ರಾಸ್‌ಬರ್ಗ್‌ನಂತಹ ಚಿನ್ನಸಮೃದ್ಧ ಪಾರ್ಫಿರಿ ತಾಮ್ರದ ನಿಕ್ಷೇಪಗಳಲ್ಲಿಯೂ ಜಲೋಷ್ಣೀಯ ಪರಿವರ್ತನೆ ಕಂಡುಬರುತ್ತದೆ. ಆದರೆ ಅಲ್ಲಿನ ದ್ರವಗಳು ಹೆಚ್ಚು ಆಳವಲ್ಲದ ಶಿಲಾಪಾಕದಿಂದ ಹೊರಟವು, ಮತ್ತು ಪರಿವರ್ತಿತ ಖನಿಜಗಳು ಕೇಂದ್ರದಿಂದ ಹೊರಕ್ಕೆ ವಲಯವಲಯವಾಗಿ ಹರಡಿರುತ್ತವೆ. ಕೋಲಾರ ಮತ್ತು ಹಟ್ಟಿಯ ಚಿನ್ನವಾದರೋ ಪರ್ವತಜನನದ ಕಾಲದಲ್ಲಿ ಆಳದ ಬಿರುಕುವಲಯಗಳಲ್ಲಿ ಸಿರಗಳಾಗಿ ಸಂಚಯಗೊಂಡದ್ದು. ಚಿತ್ರದುರ್ಗದ ಬಳಿಯ ಇಂಗಳದಾಳದ ತಾಮ್ರವೂ ಧಾರವಾಡ ಪಟ್ಟಿಯ ಪ್ರಾಚೀನ ಲಾವಾಶಿಲೆಗಳಲ್ಲಿ ದೊರೆಯುತ್ತದೆ.

ನಿವೃತ್ತಿ ಮತ್ತು ಕೊನೆಯ ದಿನಗಳು

1884ರಲ್ಲಿ ಫೂಟ್ ಅವರು ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳ ಉತ್ಖನನವನ್ನು ಆರಂಭಿಸಿದರು. ಸೇನಾಧಿಕಾರಿಯಾಗಿದ್ದ ಅವರ ಪುತ್ರ ಹೆನ್ರಿ ಅದನ್ನು ಮುಂದುವರಿಸಿದರು. 1891ರಲ್ಲಿ ಸರ್ವೇಕ್ಷಣೆಯಿಂದ ನಿವೃತ್ತರಾದ ಫೂಟ್ ಅವರು ಬರೋಡಾ ಸಂಸ್ಥಾನದ ಭೂವೈಜ್ಞಾನಿಕ ಸಮೀಕ್ಷೆ ನಡೆಸಿದರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ಬಳಿಕ ಸೇಲಂ ಸಮೀಪದ ಯರ್ಕಾಡಿನಲ್ಲಿ ನೆಲೆಸಿದರು.

ನಾಲ್ಕು ದಶಕಗಳ ಕಾಲ ಕಲೆಹಾಕಿದ ಪ್ರಾಚ್ಯವಸ್ತುಗಳ ಸಂಗ್ರಹವನ್ನು 1904ರಲ್ಲಿ ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯ ಅವರಿಂದ ಖರೀದಿಸಿತು. ಪ್ರತಿಯೊಂದು ವಸ್ತು ದೊರೆತ ಸ್ಥಳದ ವಿವರಗಳನ್ನು ಒಳಗೊಂಡ ಪಟ್ಟಿಯನ್ನು ಸಿದ್ಧಪಡಿಸುವುದರಲ್ಲಿ ಅವರು ಕೊನೆಯ ವರ್ಷಗಳನ್ನು ಕಳೆದರು. 1912ರ ಡಿಸೆಂಬರ್ 29ರಂದು, ಅಂದರೆ ಸರ್ವೇಕ್ಷಣೆಯನ್ನು ಸೇರಿದ ದಿನಕ್ಕೆ ಸರಿಯಾಗಿ 54 ವರ್ಷಗಳ ನಂತರ, ಕಲ್ಕತ್ತೆಯಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಯರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಇರಿಸಲಾಗಿದೆ. ಸಂಗ್ರಹದ ವಿವರಣಾತ್ಮಕ ಪಟ್ಟಿ 1914ರಲ್ಲಿಯೂ, ವಸ್ತುಗಳ ಕಾಲ ಮತ್ತು ಹರವನ್ನು ಕುರಿತ ಟಿಪ್ಪಣಿಗಳು 1916ರಲ್ಲಿಯೂ ಪ್ರಕಟವಾದವು.

ಪರಂಪರೆ

ಫೂಟ್ ಅವರು ನೀಡಿದ ಧಾರವಾಡ ಎಂಬ ಹೆಸರು ಇಂದಿಗೂ ಜಗತ್ತಿನ ಭೂವಿಜ್ಞಾನ ಸಾಹಿತ್ಯದಲ್ಲಿ ಬಳಕೆಯಲ್ಲಿದೆ. ದಕ್ಷಿಣ ಭಾರತದ ಪ್ರಾಚೀನ ಭೂಖಂಡ ಭಾಗವನ್ನು 'ಧಾರವಾಡ ಕ್ರೇಟಾನ್' ಎಂದು ಕರೆಯಲಾಗುತ್ತದೆ. ಬಳ್ಳಾರಿ ನಗರದಲ್ಲಿ ಅವರ ಹೆಸರಿನಲ್ಲಿ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯ ಸ್ಥಾಪನೆಯಾಗಿದೆ. ಈ ಸೀಮೆಯ ಕೊಡಲಿ ತಯಾರಕರು ಮತ್ತು ಪಶುಪಾಲಕರ ಬದುಕಿನ ಕುರುಹುಗಳನ್ನು ಅಲ್ಲಿ ಪ್ರದರ್ಶಿಸಲಾಗಿದೆ.